ರಗ್ಗಿನ ಆ ತುದಿ

ಒದ್ದೆ ರಗ್ಗಿನ ಒಂದು ತುದಿ ಹಿಡಿದು ಸೊಸೆ ಅಂಗಳದ ಬಟ್ಟೆ ತಂತಿಯ ಕೆಳಗೆ ಕಾಯುತ್ತಿದ್ದಳು. ಆ ಕಡೆಯ ತುದಿ ಹಿಡಿದು ಹಿಂಡಲು ಅತ್ತೆ ಇಳಿದು ಬರಬೇಕಿತ್ತು. ಬಂದದ್ದು ಅವಳ ಪುಟ್ಟ ಮಗಳು, ಬರಿಗಾಲಲ್ಲಿ.

"ಅಮ್ಮಾ, ಅಜ್ಜಿ ಏಳ್ತಾನೇ ಇಲ್ಲ. ಕೈ ತಣ್ಣಗಿದೆ."

ರಗ್ಗು ಬಕೆಟ್ಟಿಗೆ ಬಿತ್ತು.

ಬಿಸಿಲೇರುವಷ್ಟರಲ್ಲಿ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸರ್ಕಾರಿ ಬಾಡಿಗೆ ಮನೆಗಳ ಕಾಲದ ಹಳಬರು ಒಂದು ಕಡೆ, ಅವನ್ನು ಕೆಡವಿ ಕಟ್ಟಿದ ಈ ಎತ್ತರದ ಕಟ್ಟಡದಲ್ಲಿ ದುಡ್ಡು ಕೊಟ್ಟು ಮನೆ ಕೊಂಡ ಹೊಸಬರು ಇನ್ನೊಂದು ಕಡೆ ನಿಲ್ಲುತ್ತಾರೆಂದು ಸೊಸೆ ಅಂದುಕೊಂಡಿದ್ದಳು. ನೋಡಿದರೆ ಎಲ್ಲರೂ ಬೆರೆತುಹೋಗಿದ್ದರು.

"ಬಂದ ವಾರವೇ ನನ್ನ ಕೈಲಿ ರಗ್ಗು ಹಿಂಡಿಸಿದ್ರು," ಎಂದರು ಮೇಲಿನ ಮನೆಯ ಡಾಕ್ಟರಮ್ಮ. "ಆಸ್ಪತ್ರೆಗೆ ಹೊತ್ತಾಯ್ತು ಅಂದ್ರೆ, 'ರೋಗಿ ಕಾಯ್ತಾನೆ, ಬಿಸಿಲು ಕಾಯಲ್ಲ, ಆ ತುದಿ ಹಿಡಿ' ಅಂದ್ರು."

"ನಿಮಗೆ ಬರೀ ರಗ್ಗು. ನನಗೆ ಮನೇಲಿರೋ ಪರದೆ ಪೂರ್ತಿ," ಎಂದ ಹಳಬ ಆಟೋದವನು.

ನಕ್ಕವರು, ಹೆಣದ ಮುಂದೆ ನಕ್ಕೆವಲ್ಲ ಎಂದು ತುಟಿ ಕಚ್ಚಿಕೊಂಡರು.

ನಿವಾಸಿಗಳ ಸಂಘದ ಕಾರ್ಯದರ್ಶಿ ಮಾತ್ರ ತಂತಿಯನ್ನೇ ನೋಡುತ್ತಿದ್ದರು. ಅಂಗಳದಲ್ಲಿ ಬಟ್ಟೆ ತೂಗಿದರೆ ಕಟ್ಟಡದ ಮರ್ಯಾದೆ ಹೋಗುತ್ತದೆ, ತಂತಿ ಬಿಚ್ಚಿ ಹೂಕುಂಡ ಇಡೋಣ ಎಂದು ಅವರು ಹಟ ಹಿಡಿದಿದ್ದರು. "ನಾನಿರೋವರೆಗೂ ಆಗಲ್ಲಪ್ಪ," ಎಂದು ಅತ್ತೆ ಮೊನ್ನೆ ತಾನೇ ಅಂದಿದ್ದರು. ಅದನ್ನು ಕೇಳಿಸಿಕೊಂಡಿದ್ದ ಮಗಳು ಬೆಳಗಿನಿಂದ ಕಾರ್ಯದರ್ಶಿಯ ಮುಂದೆ ಹೋಗಿ ಬಾಯಿ ತೆರೆಯುವುದು, ಸೊಸೆ ಅವಳ ಕೈ ಅದುಮುವುದು ನಡೆದೇ ಇತ್ತು.

"ಈಗ ಬೇಡ ಪುಟ್ಟಿ."

* * *

ಹೊಸ ಕಟ್ಟಡದ ನಕ್ಷೆ ಹಿಡಿದು ಎಂಜಿನಿಯರು ಹಳೇ ಮನೆಗಳಿಗೆ ಬಂದ ದಿನ ಸೊಸೆ ಇನ್ನೂ ಹೊಸ ಮದುವಣಗಿತ್ತಿ. ಯಾರಿಗೆ ಯಾವ ಮಹಡಿ, ಅಡುಗೆಮನೆ ಎಷ್ಟು ದೊಡ್ಡದು ಎಂದು ಎಲ್ಲರೂ ಆತನನ್ನು ಮುತ್ತಿಕೊಂಡಿದ್ದರು. ಅತ್ತೆ ಒದ್ದೆ ರಗ್ಗಿನ ತುದಿಯನ್ನು ಆತನ ಕೈಗಿಟ್ಟರು.

"ತಿರುಚಪ್ಪ. ಊಟ ಮಾಡಿಲ್ವಾ? ಇನ್ನೂ ಗಟ್ಟಿಯಾಗಿ."

ನೀರೆಲ್ಲ ಆತನ ಬೂಟಿನ ಮೇಲೆ ಸುರಿಯಿತು.

"ಇಬ್ಬರು ಎದುರುಬದುರು ನಿಲ್ಲೋಕೆ ಎಷ್ಟು ಜಾಗ ಬೇಕು, ನೋಡಿದ್ಯಲ್ಲ. ನಿನ್ನ ನಕ್ಷೇಲಿ ಅದೆಲ್ಲಿದೆ, ತೋರಿಸು."

"ಮನೆಯೊಳಗೇ ಒಣಗಿಸ್ಕೊಳ್ಬಹುದಲ್ಲಮ್ಮ."

"ಒಳಗೆ ಒಣಗಿಸ್ಕೊಂಡ್ರೆ ಆ ತುದಿ ಹಿಡಿಯೋರು ಯಾರು? ಪಕ್ಕದ ಮನೆಯವರ ಮುಖ ನೋಡೋದು ಯಾವಾಗ?"

ಆತ ನಗುತ್ತ ನಕ್ಷೆಯಲ್ಲಿ ಅಂಗಳದ ನಡುವೆ ತಂತಿಗೆಂದು ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆದ. ಹೊಸ ಮನೆಗೆ ಬಂದ ನೆಂಟರಿಗೆ ಅತ್ತೆ ಮೊದಲು ತೋರಿಸುತ್ತಿದ್ದದ್ದು ಆ ತಂತಿಯನ್ನೇ. "ಇದು ನಂದು," ಎನ್ನುತ್ತಿದ್ದರು. ಮನೆಯನ್ನು ಒಮ್ಮೆಯೂ ಹಾಗೆ ಅಂದವರಲ್ಲ.

* * *

ಮಣ್ಣು ಮಾಡಿ ಬಂದಾಗ ಹೊತ್ತು ಇಳಿಯುತ್ತಿತ್ತು. ರಗ್ಗು ಬಕೆಟ್ಟಿನಲ್ಲೇ ಇತ್ತು. ಹಾಗೇ ಬಿಟ್ಟರೆ ನಾರುತ್ತದೆ. ಅತ್ತೆ ಸುಮ್ಮನೆ ಬಿಡುವವರಲ್ಲ. ಸೊಸೆ ಒಂದು ತುದಿ ಎತ್ತಿ ಗಂಡನನ್ನು ಕರೆಯಲು ತಿರುಗುವಷ್ಟರಲ್ಲಿ ಆ ಕಡೆಯ ತುದಿಯನ್ನು ಯಾರೋ ಎತ್ತಿದರು. ಕಾರ್ಯದರ್ಶಿ. ಅಂಗಿಯ ತೋಳು ಮಡಿಸಿಕೊಂಡಿದ್ದರು.

"ಇಡೀ ಕಟ್ಟಡದಲ್ಲಿ ನನ್ನೊಬ್ಬನ್ನ ಅವರು ಇದಕ್ಕೆ ಕರೀಲೇ ಇಲ್ಲ," ಎಂದರು ರಗ್ಗನ್ನು ನೋಡುತ್ತ.

ಸೊಸೆ ತನ್ನ ತುದಿಯನ್ನು ಬಿಗಿಯಾಗಿ ಹಿಡಿದಳು. "ತಿರುಚಿ," ಎಂದಳು. "ನಾನು ಈ ಕಡೆಗೆ, ನೀವು ಆ ಕಡೆಗೆ."

ನೀರು ಧಾರೆಯಾಗಿ ಇಳಿದು ಅವರ ಪಾದ ನೆನೆಸಿತು. ಇಬ್ಬರೂ ಸೇರಿ ರಗ್ಗನ್ನು ತಂತಿಗೆ ಹಾಕಿದರು. ತಂತಿ ಒಮ್ಮೆ ಜಗ್ಗಿ, ತಡೆದುಕೊಂಡು ನಿಂತಿತು.

ಮಗಳು ಬಂದು ಅವರಿಬ್ಬರ ನಡುವೆ ನಿಂತಳು. ಈ ಸಲ ಸೊಸೆ ಅವಳ ಕೈ ಅದುಮಲಿಲ್ಲ.

"ಅಂಕಲ್, ಅಜ್ಜಿ ಇಲ್ಲ ಅಂತ ನಾಳೆ ಈ ತಂತಿ ಬಿಚ್ತೀರಾ?"