ಬೋಲ್ಟು ಮುಚ್ಚದ ಹತ್ತು ತೋಟೆ

ತೋಟೆ ಹಾಕಿ ಮುಚ್ಚುವ ಕೋವಿಯ ಬೋಲ್ಟು ಮುಕ್ಕಾಲು ಇಳಿದು ಅಲ್ಲೇ ನಿಂತುಬಿಟ್ಟಿತು.

"ಒತ್ತಬೇಡ ಮಾವ," ಅಂದ ಬ್ರೆಂಟ್.

"ನಾನೆಲ್ಲೋ ಒತ್ತಿದೆ? ಅದೇ ಒಳಗೆ ಹೋಗ್ತಿಲ್ಲ." ವರ್ನ್ ಮಾವ ಬೋಲ್ಟನ್ನು ಹಿಂದಕ್ಕೆಳೆದ. ತೋಟೆಯನ್ನು ಹೊರತೆಗೆದು, ಸತ್ತ ಇಲಿಯ ಬಾಲ ಹಿಡಿದ ಹಾಗೆ ಎರಡು ಬೆರಳಲ್ಲಿ ಎತ್ತಿ ತೋರಿಸಿದ. "ನೋಡು, ನಿಮ್ಮ ಅಜ್ಜನ ಕೈಚಳಕ."

ಕ್ಲಬ್ಬಿನ ಬಯಲಿನಲ್ಲಿ ಆ ಶನಿವಾರ ಜನ ತುಂಬಿದ್ದರು. ಜಿಂಕೆ ಬೇಟೆಯ ಮೊದಲ ದಿನಕ್ಕೆ ಇನ್ನೆರಡೇ ವಾರ. ಕಣಿವೆಯ ಗಂಡಸರೆಲ್ಲ ಕೋವಿಯ ಗುರಿ ಸರಿ ಮಾಡಿಕೊಳ್ಳುವ ನೆಪದಲ್ಲಿ ಒಬ್ಬರ ಗುರಿಹಲಗೆ ಇನ್ನೊಬ್ಬರು ನೋಡಿ ನಗುವ ದಿನ ಅದು. ಪಕ್ಕದ ಬೆಂಚಿನಲ್ಲಿದ್ದ ಮುದುಕ ಕ್ಲೈಡ್ ಬ್ರೆಸ್ಲರ್ ಕಿವಿಯ ಮುಚ್ಚಳ ಸರಿಸಿ ಈ ಕಡೆಗೇ ಕಿವಿ ಕೊಟ್ಟ.

ಆ ರೈಫಲ್ಲು ಅಜ್ಜ ಆರ್ಲೋದು. ಸಣ್ಣ ಗುಂಡಿನದು, ಭುಜಕ್ಕೆ ಒದೆಯದ್ದು. ಜೂನ್ ಮೊದಲ ವಾರ ಅಜ್ಜ ತೀರಿಕೊಂಡ ಮೇಲೆ ರೈಫಲ್ಲು ಮಗನಾದ ವರ್ನ್‌ಗೆ ಹೋಯಿತು. ಮಗಳ ಮಗ ಬ್ರೆಂಟ್‌ಗೆ ಸಿಕ್ಕಿದ್ದು ನೆಲಮಾಳಿಗೆಯ ಬೆಂಚು: ತೋಟೆ ತುಂಬುವ ಪ್ರೆಸ್ಸು, ಅಚ್ಚುಗಳು, ಮದ್ದು ತೂಗುವ ಪುಟ್ಟ ತಕ್ಕಡಿ, ಮತ್ತು ಮೂವತ್ತು ವರ್ಷದ ಲೆಕ್ಕ ಬರೆದಿಟ್ಟ ಹಸಿರು ರಟ್ಟಿನ ಪುಸ್ತಕ. ಹತ್ತನೇ ತರಗತಿಗೇ ಶಾಲೆಗೆ ಬೆನ್ನು ತಿರುಗಿಸಿ ಮರದ ಮಿಲ್ಲು ಸೇರಿದ ಬ್ರೆಂಟ್, ಇಪ್ಪತ್ತಮೂರು ವರ್ಷದಲ್ಲಿ ಕೊನೆತನಕ ಓದಿದ ಪುಸ್ತಕ ಅದೊಂದೇ. ಯಾವ ಮದ್ದು, ಎಷ್ಟು ತೂಕ, ಯಾವ ಗುಂಡು, ಎಷ್ಟು ಚಳಿಯಲ್ಲಿ ಎಲ್ಲಿ ಬಿತ್ತು, ಎಲ್ಲ ಬಿಡಿಬಿಡಿಯಾದ ದಪ್ಪಕ್ಷರದಲ್ಲಿ. ಯಾರ ಮೇಲೂ ನಂಬಿಕೆ ಇಲ್ಲದವನಿಗೆ ಆ ಪುಸ್ತಕದ ಮೇಲೆ ನಂಬಿಕೆ ಇತ್ತು.

ಬೆಂಚಿನ ಡ್ರಾಯರಿನಲ್ಲಿ ಹತ್ತು ತೋಟೆಯ ಪೆಟ್ಟಿಗೆ ಕಂಡಾಗ ಅವನು ಕುಣಿದುಬಿಟ್ಟಿದ್ದ. ಅಜ್ಜ ಕೊನೆಗೆ ತುಂಬಿದ ತೋಟೆಗಳು! ಈಗ ನೋಡಿದರೆ ಅಜ್ಜನ ಕೋವಿಯೇ ಅವನ್ನು ಒಳಗೆ ಬಿಟ್ಟುಕೊಳ್ಳುತ್ತಿಲ್ಲ.

ವರ್ನ್ ಪೆಟ್ಟಿಗೆಯ ಮೇಲಿನ ಚೀಟಿ ಓದಿದ. ಓದಿ, ಇನ್ನೊಮ್ಮೆ ಓದಿ, ದನಿ ತಗ್ಗಿಸಿದ. "ಇಲ್ಲೇನು ಬರೆದಿದೆ ನೋಡಿದ್ಯಾ?"

"ತೂಕ, ತಾರೀಖು."

"ಯಾವ ತಾರೀಖು? ಸೆಪ್ಟೆಂಬರ್ ಹದಿನಾಲ್ಕು, ಈ ವರ್ಷದ್ದು. ಅಪ್ಪ ಹೋಗಿದ್ದು ಜೂನಲ್ಲಿ ಕಣೋ."

ಬ್ರೆಂಟ್ ಚೀಟಿ ಕಿತ್ತುಕೊಂಡ. ಅವನು ತೂಕವನ್ನಷ್ಟೇ ನೋಡಿದ್ದ. ಅದೇ ದಪ್ಪಕ್ಷರ, ಅದೇ ಅಡ್ಡಗೀಟಿನ ಏಳು.

"ಯಾವ ತಿಂಗಳು ಅಂತಾನೂ ಗೊತ್ತಿರಲಿಲ್ಲ ಪಾಪ," ಅಂದ ವರ್ನ್. "ಸಕ್ಕರೆ ಡಬ್ಬ ತಗೊಂಡೋಗಿ ಟಪಾಲು ಪೆಟ್ಟಿಗೇಲಿ ಇಟ್ಟಿದ್ರಲ್ಲ, ನೆನಪಿದೆಯಾ? ತಲೆ ಹೋಗಿತ್ತು."

"ತಲೆ ಹೋಗಿರಲಿಲ್ಲ!"

ಬಯಲಿನಲ್ಲಿ ನಾಲ್ಕು ತಲೆ ತಿರುಗಿದವು. "ನಿಧಾನಪ್ಪಾ, ಜಿಂಕೆಗಳು ಓಡಿಹೋದಾವು," ಅಂದ ಕ್ಲೈಡ್.

ವರ್ನ್ ಕೋವಿಯನ್ನು ಚೀಲಕ್ಕೆ ಹಾಕಿದ. "ಕೇಳಿಲ್ಲಿ. ಅಪ್ಪನ ಮೇಲೆ ನಂಗೇನು ಸಿಟ್ಟಾ? ಆದ್ರೆ ತಾರೀಖು ತಪ್ಪಿದ ತಲೆ ಮದ್ದಿನ ತೂಕ ತಪ್ಪಿಲ್ಲ ಅಂತ ಯಾರು ಹೇಳ್ತಾರೆ? ನೀನು ಆ ಪುಸ್ತಕ ನೋಡ್ಕೊಂಡು ತುಂಬ್ತೀಯ. ಒಂದು ಅಂಕಿ ಹೆಚ್ಚುಕಮ್ಮಿ ಆದ್ರೆ ಬೋಲ್ಟು ಹಾರಿ ಮುಖಕ್ಕೆ ಬರತ್ತೆ. ನಾಳೆ ಬಿಟ್ಟು ಮುಂದಿನ ಭಾನುವಾರ ಅಮ್ಮನ ಮನೆಗೆ ಊಟಕ್ಕೆ ಬರ್ತೀನಲ್ಲ, ಸುತ್ತಿಗೆ ತರ್ತೀನಿ. ಈ ಹತ್ತನ್ನೂ ಬಿಚ್ಚಿಹಾಕೋಣ. ಪುಸ್ತಕ ಒಲೆಗೆ."

ಅದರಲ್ಲಿ ತಪ್ಪೇನೂ ಇರಲಿಲ್ಲ. ಬ್ರೆಂಟ್‌ಗೆ ಮೈಯೆಲ್ಲ ಉರಿದದ್ದೂ ಅದಕ್ಕೇ. ಬೇರೆಯವರು ತುಂಬಿದ ತೋಟೆಯನ್ನು ತನ್ನ ಕೋವಿಗೆ ಹಾಕಬಾರದು, ಅನುಮಾನ ಬಂದರೆ ಬಿಚ್ಚಿಹಾಕಬೇಕು ಅಂತ ಅವನಿಗೆ ಹೇಳಿಕೊಟ್ಟಿದ್ದೇ ಅಜ್ಜ. ಮಿಲ್ಲಿನ ಮೇಸ್ತ್ರಿ ಬಯ್ದರೆ ತಿರುಗಿ ಬಯ್ಯಬಹುದು. ಸರಿಯಾದ ಮಾತಿಗೆ ಏನು ಬಯ್ಯುವುದು?

ಭಾನುವಾರ ಬೆಳಿಗ್ಗೆ ಅಜ್ಜಿಯ ಮನೆಯ ನೆಲಮಾಳಿಗೆಗೆ ಇಳಿದ. ಮೇಲೆ ಅಡುಗೆಮನೆಯಲ್ಲಿ ಅಜ್ಜಿ ನೀವಾ ಓಡಾಡುವ ಸದ್ದು, ಈರುಳ್ಳಿ ಹುರಿಯುವ ವಾಸನೆ.

ಒಂದು ತೋಟೆಯನ್ನು ತಾನೇ ಬಿಚ್ಚಿದ. ಗುಂಡು ಕೀಳುವ ಸುತ್ತಿಗೆಯ ಟೊಳ್ಳು ತಲೆಗೆ ಅದನ್ನು ಸಿಕ್ಕಿಸಿ ಮರದ ದಿಮ್ಮಿಗೆ ಮೂರು ಏಟು ಕೊಟ್ಟ. ಗುಂಡು, ಮದ್ದು ಬೇರೆಬೇರೆಯಾಗಿ ಉದುರಿದವು. ಮದ್ದನ್ನು ಒಂದು ಕಾಳೂ ಚೆಲ್ಲದೆ ತಕ್ಕಡಿಯ ಬಟ್ಟಲಿಗೆ ಸುರಿದ. ಚೀಟಿಯಲ್ಲಿ ಬರೆದ ತೂಕಕ್ಕೆ ತಕ್ಕಡಿ ಇಟ್ಟ. ಮುಳ್ಳು ಎರಡು ಸಲ ತೂಗಿ ಗೀಟಿನ ಮೇಲೆ ನಿಂತಿತು. ಒಂದು ಕೂದಲೂ ಆಚೆಯಿಲ್ಲ, ಈಚೆಯಿಲ್ಲ.

ಅಂದರೆ ತೂಗಿದವರ ತಲೆ ನೆಟ್ಟಗಿತ್ತು. ಹಾಗಾದರೆ ತಾರೀಖು? ಹಾಗಾದರೆ ಬೋಲ್ಟು?

ಮನಸ್ಸಿನ ಉರಿ ಸ್ವಲ್ಪ ಸರಿದು, ಆ ಜಾಗಕ್ಕೆ ಇನ್ನೇನೋ ಬಂತು. ಬುಡದಲ್ಲಿ ಕಿಡಿ ಹಚ್ಚುವ ಕೇಪನ್ನು ಮೆಲ್ಲಗೆ ಹೊರತಳ್ಳಿ, ಬರಿದಾದ ಹಿತ್ತಾಳೆಯ ಚಿಪ್ಪನ್ನು ದೀಪದ ಕೆಳಗೆ ತಿರುಗಿಸಿದ. ಮೇಣದ ಬತ್ತಿ ಹಚ್ಚಿ ಕತ್ತಿನ ಕೆಳಗೆ ಅಗಲವಾಗುವ ಅದರ ಭುಜಕ್ಕೆ ಮಸಿ ಹಿಡಿಸಿ, ಅಳತೆಯ ಅಚ್ಚಿನೊಳಗೆ ತೂರಿಸಿ ತೆಗೆದ. ಭುಜದ ಸುತ್ತ ಮಾತ್ರ ಮಸಿ ಉಜ್ಜಿಹೋಗಿ ಹಿತ್ತಾಳೆ ಫಳಫಳ ಹೊಳೆಯಿತು. ಭುಜ ಇರಬೇಕಾದ ಕಡೆಗಿಂತ ಕೂದಲೆಳೆಯಷ್ಟು ಮುಂದಿತ್ತು.

ಬ್ರೆಂಟ್ ಸ್ಟೂಲು ಎಳೆದುಕೊಂಡು ಕೂತ.

ಹಿತ್ತಾಳೆ ಸುಳ್ಳು ಹೇಳುವುದಿಲ್ಲ. ಒಮ್ಮೆ ಸುಟ್ಟ ತೋಟೆ, ತಾನು ಕೂತಿದ್ದ ಕೋವಿಯ ಗೂಡಿನ ಆಕಾರಕ್ಕೆ ಉಬ್ಬಿಕೊಳ್ಳುತ್ತದೆ. ಜಾಣರು ಮತ್ತೆ ತುಂಬುವಾಗ ಅದರ ಕತ್ತನ್ನಷ್ಟೇ ಹಿಸುಕುತ್ತಾರೆ, ಮೈ ಮುಟ್ಟುವುದಿಲ್ಲ. ಆ ಕೋವಿಗೆ ಆ ತೋಟೆ ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆ, ಪಕ್ಕದ ಮನೆಯ ಕೋವಿಗೆ ಹಾಕಿದರೆ ಬಿಗಿಯುತ್ತದೆ. ಈ ಹತ್ತು ತೋಟೆ ತಪ್ಪಾಗಿ ತುಂಬಿದ್ದಲ್ಲ. ಬೇರೆ ಯಾವುದೋ ಕೋವಿಗೆ ತುಂಬಿದ್ದು. ಅದೇ ಸಣ್ಣ ಗುಂಡಿನ, ಅಜ್ಜನದ್ದಲ್ಲದ ಕೋವಿ.

ಯಾರದು?

ಆ ವಾರ ಮಿಲ್ಲು ಬಿಟ್ಟ ಮೇಲೆ ದಿನವೂ ಬರಿದಾದ ಆ ಹಿತ್ತಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಅದೇ ಅಳತೆಯ ಕೋವಿ ಇದ್ದವರ ಮನೆಗಳಿಗೆ ಹೋದ. ಕ್ಷೌರದ ಡೆನ್ವರನ ಕೋವಿಗೆ ಬಿಗಿಯಾಯಿತು. ಪಾದ್ರಿಯ ಕೋವಿಗೂ ಬಿಗಿಯೇ.

"ಕಳೆದುಹೋದ ನಾಯಿಗೆ ಯಜಮಾನನ್ನ ಹುಡುಕ್ತಿರೋ ಹಾಗಿದೆಯಲ್ಲೋ," ಅಂದ ಕ್ಲೈಡ್, ತನ್ನ ಜಗುಲಿಯಲ್ಲಿ ಕೋವಿಯ ಬೋಲ್ಟು ತೆಗೆದುಕೊಡುತ್ತ. ಮೊಣಕೈ ಹತ್ತಿರ ಉಪ್ಪಿನಕಾಯಿ ಹಾಕಿದ ಮೊಟ್ಟೆಯ ಜಾಡಿ ಇತ್ತು. "ತಿಂತೀಯಾ?"

"ಬೇಡ. ಅಜ್ಜ ನಿಮಗೆ ಯಾವತ್ತಾದ್ರೂ ತೋಟೆ ತುಂಬಿಕೊಟ್ಟಿದ್ರಾ?"

"ಆರ್ಲೋ? ಹೆಂಡತಿಗೆ ತನ್ನ ಹಲ್ಲುಜ್ಜೋ ಬ್ರಷ್ ಕೊಟ್ರೂ ಕೊಡೋನು, ಬೇರೆಯವರಿಗೆ ತೋಟೆ ಕೊಡ್ತಿರಲಿಲ್ಲ." ಕ್ಲೈಡ್ ಮೊಟ್ಟೆ ಬಾಯಿಗೆ ಹಾಕಿಕೊಂಡ. "ತುಂಬಿದ್ರೆ ಮನೆಯವರಿಗೇ ತುಂಬಿರಬೇಕು ಕಣಪ್ಪ."

ಹಿತ್ತಾಳೆ ಕ್ಲೈಡನ ಕೋವಿಗೂ ಒಪ್ಪಲಿಲ್ಲ.

ಮನೆಯವರು ಅಂದರೆ ವರ್ನ್ ಮಾವ. ಅವನದು ನೋಡಿಯಾಯಿತು. ಬ್ರೆಂಟನ ಅಮ್ಮನಿಗೆ ಕೋವಿ ಸದ್ದು ಕೇಳಿದರೆ ತಲೆನೋವು. ಇನ್ನು ಯಾರೂ ಉಳಿಯಲಿಲ್ಲ. ಬ್ರೆಂಟ್‌ಗೆ ಹಾಗೇ ಅನ್ನಿಸಿತು. ಕಣಿವೆಯ ಯಾವ ಗಂಡಸನ್ನು ಕೇಳಿದ್ದರೂ ಹಾಗೇ ಅನ್ನಿಸುತ್ತಿತ್ತು.

ಭಾನುವಾರ ಬಂತು. ಮೇಜಿನ ಮೇಲೆ ಜಿಂಕೆ ಮಾಂಸದ ಬೊಲೋನಿ ಸಾಸೇಜು, ಹುರಿದ ಆಲೂಗಡ್ಡೆ. ವರ್ನ್ ಕೈ ತೊಳೆಯುವ ಮೊದಲೇ ಸುತ್ತಿಗೆಯನ್ನು ಬ್ರೆಡ್ಡಿನ ಪಕ್ಕ ಇಟ್ಟ.

"ಅದೇನೋ ಊಟದ ಮೇಜಿನ ಮೇಲೆ?" ಅಂದಳು ಅಜ್ಜಿ.

"ಅಪ್ಪನ ಕೊನೇ ತೋಟೆಗಳು ಡ್ರಾಯರಲ್ಲಿ ಸಿಕ್ಕವು ಅಮ್ಮ. ಬಿಚ್ಚಿಹಾಕ್ಬೇಕು. ಪುಸ್ತಕಾನೂ ಇನ್ನು ನಂಬೋಹಾಗಿಲ್ಲ."

"ಯಾವ ತೋಟೆ? ಹತ್ತಿರೋ ಪೆಟ್ಟಿಗೆಯಾ?" ಅಜ್ಜಿ ಬಾಣಲೆ ಕೆಳಗಿಟ್ಟಳು. "ಅದನ್ನ ಮುಟ್ಟಿದ್ರೆ ಬೆರಳು ಕತ್ತರಿಸ್ತೀನಿ. ಅದು ನಂದು."



"ನಿಂದು ಅಂದ್ರೆ?" ಅಂದ ವರ್ನ್.

ಅಜ್ಜಿ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಒಳಗೆ ಹೋದಳು. ಹೊಲಿಗೆ ಕೋಣೆಯಲ್ಲಿ ಕಪಾಟಿನ ಬಾಗಿಲು ಕಿರುಗುಟ್ಟಿತು. ಹೊರಬಂದಾಗ ಒಂದು ತೋಳಿನ ಮೇಲೆ ಅಂಗಡಿಯ ಚೀಟಿ ಇನ್ನೂ ಕೀಳದ ಕಿತ್ತಳೆ ಬಣ್ಣದ ಬೇಟೆಯಂಗಿ, ಇನ್ನೊಂದರಲ್ಲಿ ಕಂಬಳಿ ಸುತ್ತಿದ ಗಿಡ್ಡ ಹಿಡಿಯ ರೈಫಲ್ಲು.

"ನನ್ನಣ್ಣ ಎಲ್ವಿನ್ ಸತ್ತಾಗ ಹೊಲಿಗೆ ಯಂತ್ರದ ಜೊತೆ ಬಂತು, ಎಂಟು ವರ್ಷ ಆಯ್ತು. ನೀವೆಲ್ಲ ಕೆಲಸಕ್ಕೆ ಹೋದ ದಿನ ನಾನೂ ನಿಮ್ಮಪ್ಪನೂ ಕಲ್ಲುಗಣಿಗೆ ಹೋಗಿ ಹೊಡೀತಿದ್ವಿ. ಅವನಿಗಿಂತ ನನ್ನ ಗುಂಡುಗಳೇ ಒಂದೇ ಕಡೆ ಒತ್ತೊತ್ತಾಗಿ ಬೀಳ್ತಿದ್ವು. ಅದಕ್ಕೇ ಅವನೂ ಯಾರಿಗೂ ಹೇಳ್ಲಿಲ್ಲ."

ಬ್ರೆಂಟ್ ಜೇಬಿನಿಂದ ಹಿತ್ತಾಳೆ ತೆಗೆದ. ಅಜ್ಜಿ ಬೋಲ್ಟು ಎತ್ತಿದಳು, ಅವನು ಒಳಗಿಟ್ಟ. ಅಜ್ಜಿ ಒಂದೇ ಬೆರಳಿನಲ್ಲಿ ಬೋಲ್ಟನ್ನು ಇಳಿಸಿದಳು. ಬೆಣ್ಣೆಯೊಳಗೆ ಚಾಕು ಇಳಿದ ಹಾಗೆ ಮುಚ್ಚಿಕೊಂಡಿತು.

"ಅಕ್ಷರ ಅಜ್ಜಂದಲ್ವಾ?" ಅಂದ ಬ್ರೆಂಟ್.

"ಅವನಿಗೆ ಕನ್ನಡಕ ಹಾಕಿದ್ರೂ ತಕ್ಕಡಿ ಗೀಟು ಎರಡೆರಡು ಕಾಣ್ತಿತ್ತು, ಮದುವೆಯಾದಾಗಿಂದ. ತೂಗೋದು, ಬರೆಯೋದು ನಾನು. ಪ್ರೆಸ್ಸಿನ ಹಿಡಿ ಎಳೆಯೋದು, ಬಡಾಯಿ ಕೊಚ್ಚೋದು ಅವನು. ಅವನು ಹೋದ ಮೇಲೆ ಈ ಹತ್ತಕ್ಕೆ ಹಿಡೀನೂ ನಾನೇ ಎಳೆದೆ. ಹೋದ ಚಳಿಗಾಲ ನಿಂಗೆ ಕಲಿಸ್ತಿದ್ನಲ್ಲ, ತಕ್ಕಡಿ ಮುಂದೆ ಯಾರು ಕೂತಿದ್ರು?"

ಬ್ರೆಂಟ್‌ಗೆ ಕಂಡಿತು. ಅಜ್ಜಿ ಕೂತಿದ್ದಳು. ತೊಡೆಯ ಮೇಲೆ ಉಣ್ಣೆಯ ಹೆಣಿಗೆ, ಎದುರಿಗೆ ತಕ್ಕಡಿ. ಅಜ್ಜಿ ಚಳಿ ಕಾಯಿಸಲು ಬಂದು ಕೂತಿದ್ದಾಳೆ ಅಂದುಕೊಂಡಿದ್ದ. ಅವಳ ತುಟಿ ಅಲುಗಿದಾಗೆಲ್ಲ ಹೆಣಿಗೆ ಎಣಿಸುತ್ತಿದ್ದಾಳೆ ಅಂದುಕೊಂಡಿದ್ದ.

"ಹಾಗಾದ್ರೆ ಅಜ್ಜನ ತಲೆ ಸರಿ ಇತ್ತು," ಅಂದ ಅವನು, ಮಾವನ ಕಡೆ ತಿರುಗಿ. "ಹೇಳಿದ್ನಲ್ಲ!"

ಅಜ್ಜಿ ಕುರ್ಚಿ ಎಳೆದುಕೊಂಡು ಕೂತಳು. "ಇಲ್ಲ ಕಣೋ. ತಲೆ ಹೋಗಿತ್ತು. ಕೊನೇ ಮೂರು ತಿಂಗಳು ನನ್ನನ್ನೇ ಅವನ ತಂಗಿ ಅಂದ್ಕೊಳ್ತಿದ್ದ. ಅದಕ್ಕೇ ಮದ್ದಿನ ಡಬ್ಬಕ್ಕೆ ಕೈ ಹಾಕೋಕೆ ನಾನು ಬಿಡ್ಲಿಲ್ಲ. ಖಾಲಿ ತೋಟೆ ಕೊಟ್ಟು ಉಜ್ಜು ಅಂತಿದ್ದೆ, ಉಜ್ಜುತಾ ಕೂತಿರೋನು. ಪುಸ್ತಕದಲ್ಲಿ ತಪ್ಪಿದ್ರೆ ಅದು ನನ್ನ ತಪ್ಪು. ತೋರಿಸು, ಎಲ್ಲಿದೆ?"

ವರ್ನ್ ಸುತ್ತಿಗೆಯನ್ನು ಮೇಜಿನಿಂದ ತೆಗೆದು ಕುರ್ಚಿಯ ಕೆಳಗಿಟ್ಟ. "ನಂಗೆ ಹೇಳ್ಬಾರ್ದಿತ್ತಾ ಅಮ್ಮ?"

"ನೀನು ಕೇಳ್ಬಾರ್ದಿತ್ತಾ?" ಅಂದಳು. ಆಮೇಲೆ ಪೆಟ್ಟಿಗೆ ತೆಗೆಸಿ ಎಣಿಸಿದಳು. "ಒಂಬತ್ತಿದೆ. ಒಂದು ನೀನು ಬಿಚ್ಚಿದ್ದು. ಹೋಗ್ಲಿ. ಬೆಂಚಿನ ಕೆಳಗೆ ಉಪ್ಪಿನಕಾಯಿ ಜಾಡೀಲಿ ಇನ್ನೂ ನಲವತ್ತು ಖಾಲಿ ಇಟ್ಟಿದೀನಿ, ಮೂರು ಬೇಟೆ ಕಾಲದಿಂದ ನನ್ನ ಕೋವೀಲೇ ಸುಟ್ಟು ಸುಟ್ಟು ಹದಕ್ಕೆ ತಂದಿದ್ದು."

ಬ್ರೆಂಟ್ ಪೆಟ್ಟಿಗೆಯ ಮುಚ್ಚಳ ಹಾಕಿದ.

ಆ ಜಾಡಿಯನ್ನು ಅವನು ಮೂರು ವಾರದ ಹಿಂದೆಯೇ ಕಂಡಿದ್ದ. ಹಿಂದೆಮುಂದೆ ನೋಡದೆ ನಲವತ್ತನ್ನೂ ಪೂರ್ತಿ ಮೈ ಹಿಸುಕುವ ಅಚ್ಚಿನಲ್ಲಿ ಒತ್ತಿ, ಅಂಗಡಿಯಿಂದ ತಂದ ಹೊಸದರ ಹಾಗೆ ಮಾಡಿಟ್ಟಿದ್ದ. ಎಷ್ಟು ಚೆನ್ನಾಗಿ ಹೊಳೆಯುತ್ತಿವೆ ಅಂತ ಬೆನ್ನು ತಟ್ಟಿಕೊಂಡಿದ್ದ.

"ಅಜ್ಜಿ," ಅಂದ. "ಅವನ್ನ ನಾನು... ಪೂರ್ತಿ ಅಚ್ಚಿಗೆ ಹಾಕಿಬಿಟ್ಟೆ."

"ಎಷ್ಟು?"

"ಎಲ್ಲಾ."

ಅಜ್ಜಿಯ ಮುಖ ಕೆಂಪಾಯಿತು. ಅವಳ ಮೂಗಿನ ಹೊಳ್ಳೆ ಅರಳಿದ್ದು ನೋಡಿ, ತನ್ನ ಸಿಟ್ಟು ಯಾರ ಕಡೆಯಿಂದ ಬಂದದ್ದು ಅಂತ ಬ್ರೆಂಟ್‌ಗೆ ಮೊದಲ ಸಲ ಗೊತ್ತಾಯಿತು.

"ಮೂರು ವರ್ಷ!" ಅಂದಳು. "ಮೂರು ವರ್ಷದ ಕೆಲಸ ಕತ್ತೆ! ಕೇಳೋಕೆ ಬಾಯಿರಲಿಲ್ವಾ? ಪಾದ್ರಿ ಮನೆ ತನಕ ಹೋಗಿದ್ಯಂತೆ, ಮೆಟ್ಟಿಲು ಹತ್ತಿ ಅಡುಗೆಮನೆಗೆ ಬರೋಕಾಗ್ಲಿಲ್ವಾ?"

"ನೀನು ಅಂತ ಹೊಳೀಲೇ ಇಲ್ಲ."

"ಅದೇ ಹೇಳ್ತಿರೋದು!"

ವರ್ನ್ ನಕ್ಕುಬಿಟ್ಟ. ಅಜ್ಜಿ ಚಮಚ ಎತ್ತಿ ತೋರಿಸಿದ ಮೇಲೆ ಬ್ರೆಡ್ಡಿನ ಕಡೆ ನೋಡಿದ. ಊಟ ಮುಗಿಯಿತು. ಆಮೇಲೆ ಅಜ್ಜಿ ಕೋಟು ಹಾಕಿಕೊಂಡಳು.

"ಏಳು. ನಲವತ್ತನ್ನೂ ಮತ್ತೆ ನನ್ನ ಕೋವೀಲಿ ಸುಟ್ಟು ಹದಕ್ಕೆ ತರಬೇಕು. ಆ ಜಾಡಿ, ತಕ್ಕಡಿ, ಕೈಯಲ್ಲಿ ಒತ್ತೋ ಪುಟ್ಟ ಪ್ರೆಸ್ಸು ಗಾಡಿಗೆ ಹಾಕು. ಕತ್ತು ಮಾತ್ರ ಹಿಸುಕೋ ಅಚ್ಚು ತಗೋ. ಇನ್ನೊಂದು ತಂದ್ಯೋ, ಕಾಲು ಮುರೀತೀನಿ."

ಕಲ್ಲುಗಣಿಯಲ್ಲಿ ಗಾಳಿ ಇರಲಿಲ್ಲ. ಗಾಡಿಯ ಹಿಂಬದಿಯ ಹಲಗೆಯೇ ಬೆಂಚಾಯಿತು. ಬ್ರೆಂಟ್ ಕೇಪು ಕೂರಿಸಿದ, ಅಜ್ಜಿ ಗಾಜಿನ ಮರೆಯಲ್ಲಿ ತಕ್ಕಡಿ ಇಟ್ಟು ಮದ್ದು ತೂಗಿದಳು. ತೂಗುವಾಗ ತುಟಿ ಅಲುಗುತ್ತಿತ್ತು. ಅವನು ಗುಂಡು ಒತ್ತಿ ಕೊಟ್ಟ. ಅಜ್ಜಿ ಮರಳು ಚೀಲದ ಮೇಲೆ ಕೋವಿ ಊರಿ, ಉಸಿರು ಬಿಟ್ಟು, ಹೊಡೆದಳು. ಗಣಿಯ ಗೋಡೆಗಳು ಒಂದಾದ ಮೇಲೊಂದು ಸದ್ದನ್ನು ಹಿಂದಕ್ಕೆಸೆದವು.

"ಯಾಕೆ ಚಳೀಲಿ ಗುಂಡು ಕೆಳಗೆ ಬೀಳತ್ತೆ?" ಅಂದ ಬ್ರೆಂಟ್. "ಪುಸ್ತಕದಲ್ಲಿ ನಾಲ್ಕು ಕಡೆ ಬರೆದಿದೆ, ಯಾಕೆ ಅಂತ ಎಲ್ಲೂ ಇಲ್ಲ."

"ಅದನ್ನೇ ನಿಮ್ಮಜ್ಜ ದಿನಾ ಕೇಳ್ತಿದ್ದ," ಅಂದಳು. "ಬೇಟೆ ದಿನ ಬೆಳಿಗ್ಗೆ ನನ್ನ ಜೊತೆ ಬಾ, ಉತ್ತರದ ದಿಬ್ಬಕ್ಕೆ. ನೀನು ಗಡಿಯಾರ, ಥರ್ಮಾಮೀಟರು ಹಿಡ್ಕೋ. ನಾನು ಕೋವಿ."

"ಜಿಂಕೆ ಬಂದ್ರೆ?"

"ಬಂದ್ರೆ ಬಾಯಿ ಮುಚ್ಕೋ."

ಬೋಲ್ಟು ಎಳೆದಳು. ಬಿಸಿ ಹಿತ್ತಾಳೆ ಹಾರಿ ಅವನ ಅಂಗೈಗೆ ಬಿತ್ತು. ಅವನು ಅದನ್ನು ಊದಿ ಆರಿಸಿ, ಭುಜದ ಮೇಲೆ ಹೆಬ್ಬೆರಳು ಸವರಿದ. ಕೂದಲೆಳೆಯಷ್ಟು ಮುಂದೆ ಬಂದಿರಬೇಕು, ಬೆರಳಿಗೆ ಗೊತ್ತಾಗುವಂಥದ್ದಲ್ಲ. ಮತ್ತೆ ಗೂಡಿನೊಳಗಿಟ್ಟ. ಅಜ್ಜಿ ಒಂದು ಬೆರಳಿನಲ್ಲಿ ಬೋಲ್ಟು ಇಳಿಸಿದಳು. ಮುಚ್ಚಿಕೊಂಡಿತು.

"ಇನ್ನು ಮೂವತ್ತೊಂಬತ್ತು," ಅಂದಳು. "ಕೇಪು ಕೊಡು."