ಪದ್ದಕ್ಕನ ಬಲಗೈ ಮೇಲೆದ್ದ ಕಥೆ

ಒಂದಾನೊಂದು ಕಾಲದಲ್ಲಿ, ಬಹಳ ಹಿಂದೇನಲ್ಲ, ಎರಡು ಸಾವಿರದ ಹತ್ತನೇ ಇಸವಿಯಲ್ಲಿ, ಕಿರಿಮಂಜೇಶ್ವರದ ಕಡಲ ಕರೆಯಲ್ಲಿ ಒಂದು ಬಲಗೈ ವಾಸವಾಗಿತ್ತು. ಅದು ಮೀನು ಮಾರುವ ಪದ್ದಕ್ಕನ ಬಲಗೈ. ಬಂಗುಡೆ ಕೊಯ್ಯುವುದು, ಬಾವಿಯಿಂದ ನೀರು ಸೇದುವುದು, ಜಗಳ ಬಂದರೆ ಗಾಳಿಯಲ್ಲಿ ಬೀಸಿ ಬಾಯಿಗೆ ಬಲ ಕೊಡುವುದು, ಎಲ್ಲ ಅದರದೇ ಕೆಲಸ.

ಆ ಕೈಗೆ ಒಂದು ಶಾಪ ತಗಲಿತು. ಕಥೆಗಳಲ್ಲಾದರೆ ಶಾಪ ಕೊಡಲು ಕಣ್ಣು ಕೆಂಪಗೆ ಮಾಡಿಕೊಂಡ ಋಷಿ ಬರುತ್ತಾನೆ. ಇಲ್ಲಿ ಯಾರೂ ಬರಲಿಲ್ಲ. ಚೌತಿ ಕಳೆದ ಮೇಲೆ ಭುಜದಲ್ಲಿ ಒಂದು ಸಣ್ಣ ನೋವು ಬಂತು, ಅಷ್ಟೆ. ಪದ್ದಕ್ಕ ಎಣ್ಣೆ ಹಚ್ಚಿದಳು. ಹೋಗಲಿಲ್ಲ. ದೀಪಾವಳಿಯ ಹೊತ್ತಿಗೆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದನ್ನೇ ಬಿಟ್ಟಿತು. ತಲೆ ಬಾಚಲು ಆಗದು, ರವಿಕೆ ತೊಡಲು ಆಗದು. ಬುಟ್ಟಿಯನ್ನು ತಲೆಗೆ ಏರಿಸಲು ಪಕ್ಕದ ಮನೆಯ ರತ್ನ ಬರಬೇಕು.

"ಎಂತ ಹೆಣೆ, ಕೈ ಅಡವಿಟ್ಟ್ ಬಂದ್ಯಾ?" ಎಂದು ರತ್ನ ನಗುತ್ತಿದ್ದಳು. ಅವಳೂ ಮೀನು ಮಾರುವವಳೇ.

"ವಯಸ್ಸಾಯ್ತ್ ಮಾರಾಯ್ತಿ. ತನ್ನಷ್ಟಕ್ ಹೋತ್ತ್" ಎನ್ನುತ್ತಿದ್ದಳು ಪದ್ದಕ್ಕ. ಅವಳಿಗೆ ಆಗ ನಲವತ್ತೆಂಟು ವರ್ಷ.

ಡಿಸೆಂಬರಿನ ಒಂದು ಭಾನುವಾರ ಬೀಜಾಡಿಗೆ ಮದುವೆಯಾಗಿ ಹೋದ ಮಗಳು ಪೂಜಿತಾ ಫೋನು ಮಾಡಿದಳು.

"ಅಮ್ಮಾ, ನಂಗೆ ಮೂರ್ ತಿಂಗ್ಳ್ ಅಂದ್ ಡಾಕ್ಟ್ರ್ ಹೇಳಿರ್."

ಪದ್ದಕ್ಕ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು. ಅತ್ತ ಕಡೆಯಿಂದ ಮಗಳೇ ಮುಂದುವರಿಸಿದಳು. "ಬಾಳಂತನಕ್ಕೆ ಅಲ್ಲಿಗೇ ಬತ್ತೆ. ನೀನೇ ಮೀಸ್ಕ್ ಕಾಣ್. ಬೇರೆ ಯಾರ್ ನೀರ್ ಹೊಯ್ದ್ರೂ ನಂಗ್ ಆತಿಲ್ಲೆ."

"ಮತ್ಯಾರ್ ಮೀಸುದ್ ಮಗಾ? ನಾನೇ ಮೀಸ್ತೆ. ಮಾತ್ ಕೊಟ್ಟೆ" ಎಂದಳು ಪದ್ದಕ್ಕ.

ಫೋನು ಇಟ್ಟ ಮೇಲೆ ಅವಳು ಬಚ್ಚಲಿಗೆ ಹೋದಳು. ಬಾಣಂತಿಯನ್ನು ಮೀಯಿಸುವುದೆಂದರೆ ಬರೇ ಸ್ನಾನವಲ್ಲ, ನಿಮಗೆ ಗೊತ್ತೇ ಇದೆ. ದೊಡ್ಡ ಚೆಂಬಿನಲ್ಲಿ ಹಂಡೆಯ ನೀರು ತುಂಬಿ, ತಲೆಗಿಂತ ಮೇಲಕ್ಕೆತ್ತಿ, ಬೆನ್ನಿಗೆ, ಸೊಂಟಕ್ಕೆ ಬೀಸಿ ಹೊಯ್ಯಬೇಕು. ಪದ್ದಕ್ಕ ಚೆಂಬು ತುಂಬಿ ಬಲಗೈಯಲ್ಲಿ ಎತ್ತಿದಳು. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಭುಜದಲ್ಲಿ ಬೆಂಕಿ ಎದ್ದಿತು. ಚೆಂಬು ಕೈ ಜಾರಿ ಕಲ್ಲಿನ ಮೇಲೆ ಬಿತ್ತು. ಅದರ ಅಂಚು ನೆಗ್ಗಿಹೋಯಿತು. ಎಡಗೈಯಲ್ಲಿ ಬೀಸಿ ನೋಡಿದಳು. ನೀರೆಲ್ಲ ಗೋಡೆಗೆ.

ಹೆರಿಗೆಗೆ ಇನ್ನು ಆರು ತಿಂಗಳು.

ಮಾರನೆಯ ವಾರ ಊರಿನ ಆಶಾ ಕಾರ್ಯಕರ್ತೆ ಸುಗುಣಾ ಆ ದಾರಿಯಲ್ಲಿ ಬಂದಳು.

"ಹ್ವಾಯ್ ಪದ್ದಕ್ಕ, ಅಜ್ಜಿ ಆತ್ರಿ ಅಂಬ್ರ್! ಬೆಲ್ಲ ನೀರ್ ಇಲ್ಯಾ?"

ಪದ್ದಕ್ಕ ಬೆಲ್ಲ ತಂದಳು, ನೀರೂ ತಂದಳು, ಎಲ್ಲ ಎಡಗೈಯಲ್ಲಿ. ಸುಗುಣಾ ಲೋಟ ಕೆಳಗಿಟ್ಟಳು.

"ಬಲ್ದ್ ಕೈ ಎತ್ತಿ ಕಾಂಬ."

"ಇಷ್ಟೇ ಆಪುದ್."

"ಎಷ್ಟ್ ದಿನ ಆಯ್ತ್?"

"ಚೌತಿಯಿಂದ" ಎಂದ ಪದ್ದಕ್ಕನ ಕಣ್ಣಲ್ಲಿ ನೀರು ಬಂತು. "ಮಗ್ಳಿಗ್ ಮಾತ್ ಕೊಟ್ಟೆ ಸುಗುಣಾ. ಹ್ಯಾಂಗ್ ಮೀಸುದ್?"

ಸುಗುಣಾ ಅವಳನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಪರೀಕ್ಷೆ ಮಾಡಿದರು. ಭುಜದ ಕೀಲು ಬಿಗಿದು ಹಿಡಿದುಕೊಂಡಿದೆ ಎಂದರು. ರಕ್ತದಲ್ಲಿ ಸಕ್ಕರೆಯ ಅಂಶವೂ ಜಾಸ್ತಿ ಇತ್ತು. ಸಕ್ಕರೆ ಕಾಯಿಲೆ ಇರುವವರಿಗೆ ಭುಜ ಹೀಗೆ ಹಿಡಿಯುವುದು ಹೆಚ್ಚು. ಅದಕ್ಕೆ ಮಾತ್ರೆ ಕೊಟ್ಟರು. ಕೈಗೆ ಮಾತ್ರ ಮಾತ್ರೆ ಸಾಲದು, ಮನೆಯಲ್ಲಿ ದಿನಾ ವ್ಯಾಯಾಮ ಮಾಡಬೇಕು, ತಿಂಗಳುಗಟ್ಟಲೆ ಮಾಡಬೇಕು ಎಂದರು. ವ್ಯಾಯಾಮ ಹೇಳಿಕೊಡುವವರು ಎರಡು ತೋರಿಸಿದರು. ಒಂದು, ಮುಂದಕ್ಕೆ ಬಾಗಿ ಕೈಯನ್ನು ಬಾವಿಯ ಕೊಡದ ಹಾಗೆ ಇಳಿಬಿಟ್ಟು ಮೆಲ್ಲಗೆ ತೂಗುವುದು. ಇನ್ನೊಂದು, ಗೋಡೆಯ ಎದುರು ನಿಂತು ಬೆರಳುಗಳನ್ನು ಏಡಿಯ ಹಾಗೆ ಮೇಲಕ್ಕೆ ಹತ್ತಿಸುವುದು. ಒಂದೊಂದೂ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೊದಲು ಬಿಸಿನೀರಿನ ಬಟ್ಟೆ ಇಟ್ಟು ಭುಜ ಕಾಯಿಸಿಕೊಳ್ಳಬೇಕು.

ಮನೆಗೆ ಬಂದು ಹೇಳಿದರೆ ಗಂಡ ತಿಮ್ಮನಿಗೆ ನಗು. ಅವನು ದೋಣಿಗೆ ಹೋಗುವವನು. ಬಲೆ ಎಳೆದು ಎಳೆದು ಅವನ ತೋಳು ಹಲಸಿನ ಕೊರಡು.

"ದಿನಾ ಬುಟ್ಟಿ ಹೊರುವವ್ಳಿಗೆ ಎಂತ ಕಸ್ರತ್ತ್? ಅದೆಲ್ಲ ಕೂಕಂಡ್ ತಿಂಬವ್ರಿಗೆ."

ಸುಗುಣಾ ಅಲ್ಲೇ ಇದ್ದಳು. "ತಿಮ್ಮಣ್ಣ, ಒಂದ್ ಕೇಣ್ತೆ. ಪದ್ದಕ್ಕ ಬುಟ್ಟಿ ಹಿಡ್ಕಂಬುದ್ ಯಾವ ಕೈಯಲ್ಲ್?"

ತಿಮ್ಮ ಯೋಚಿಸಿದ. "ಎಡ್ಗೈಯಲ್ಲ್."

"ಮೀನ್ ಕೊಯ್ವತ್ತಿಗೆ ಬಲ್ಗೈ ಎಲ್ಲಿಗ್ ಏಳ್ತ್?"

"ಮೊಣಕಾಲ್ ಹತ್ರವೇ."

"ಹಾಂಗಾರೆ ಆ ಕೈ ಆಕಾಶ ಕಂಡ್ ಎಷ್ಟ್ ತಿಂಗ್ಳ್ ಆಯ್ತ್, ನೀವೇ ಹೇಳಿ. ದುಡಿದ್ರೆ ಮೈ ದಣಿತ್ತ್. ಬಿಗಿದ ಕೀಲ್ ಬಿಡ್ಕಂದ್ರೆ ಅದಕ್ಕೇ ಬೇರೆ ಕೆಲ್ಸ ಕೊಡ್ಕ್."

ತಿಮ್ಮ ಬೀಡಿ ಹಚ್ಚಿ ಹೊರಗೆ ಹೋದ.

ಪದ್ದಕ್ಕ ಮೊದಲ ದಿನವೇ ಗೋಡೆಯ ಎದುರು ನಿಂತಳು. ಬೆರಳು ಮುಟ್ಟಿದ ಜಾಗಕ್ಕೆ ಮಸಿಯಲ್ಲಿ ಒಂದು ಗೆರೆ ಎಳೆದಳು. ಗೆರೆ ಅವಳ ಗಲ್ಲದ ಮಟ್ಟಕ್ಕೂ ಬರಲಿಲ್ಲ. ಎರಡು ದಿನ ಸರಿಯಾಗಿ ಮಾಡಿದಳು. ಮೂರನೆಯ ದಿನ ಭುಜ ಊದಿದಂತಾಯಿತು. ರಾತ್ರಿಯಿಡೀ ನಿದ್ದೆ ಇಲ್ಲ. ಬೆಳಿಗ್ಗೆ ಎದ್ದವಳೇ ಹಳೆ ಸೀರೆ ಹರಿದು, ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡಳು.

"ಇದ್ದದ್ದೂ ಹೋಯ್ತ್" ಎಂದ ತಿಮ್ಮ.

ಹಾಗೆ ಮೂರು ವಾರ ಹೋಯಿತು. ಕಟ್ಟಿದ ಕೈ ಇನ್ನಷ್ಟು ಬಿಗಿಯಿತು. ಸುಗುಣಾ ಬಂದಾಗ ಪದ್ದಕ್ಕ ಒಳಗೆ ಅವಿತುಕೊಂಡಳು. ಆದರೆ ಮೀನಿನ ಬುಟ್ಟಿ ಜಗಲಿಯಲ್ಲೇ ಇತ್ತಲ್ಲ!

"ಬುಟ್ಟಿ ಇಲ್ಲಿತ್ತ್, ಬುಟ್ಟಿ ಒಡತಿ ಎಲ್ಲಿ?" ಎಂದು ಸುಗುಣಾ ಜಗಲಿಯಲ್ಲೇ ಕೂತಳು. ಪದ್ದಕ್ಕ ಹೊರಗೆ ಬರಲೇಬೇಕಾಯಿತು.

"ಬೈಬೇಡ ಮಾರಾಯ್ತಿ. ಮಾಡ್ದೆ. ನೋವ್ ಜಾಸ್ತಿ ಆಯ್ತ್."

"ನಾನ್ ಎಂತಕ್ ಬೈಲಿ? ಎಷ್ಟ್ ಸಲ ಮಾಡ್ರಿ?"

ಪದ್ದಕ್ಕ ನೆಲ ನೋಡಿದಳು. "ಮೂವತ್ತ್. ಒಂದೊಂದ್ ಹೊತ್ತಿಗ್ ನಲ್ವತ್ತ್."

"ಅವ್ರ್ ಹತ್ತ್ ಅಂದಿರ್!"

"ಗಿರಾಕಿಗ್ ಹತ್ತ್ ಬಂಗ್ಡೆ ಕೊಟ್ರೆ ಮೇಲೊಂದ್ ಕೊಸರ್ ಹಾಕ್ತೆ. ಇಲ್ದಿರೆ ಮತ್ತ್ ಬತ್ವಾ? ಕೈಗೂ ಒಂಚೂರ್ ಕೊಸರ್ ಹಾಕ್ರೆ ಬೇಗ ಗುಣ ಆತ್ತ್ ಅಂದ್..."

ಸುಗುಣಾಳಿಗೆ ನಗು ತಡೆಯಲಾಗಲಿಲ್ಲ. ಪದ್ದಕ್ಕನಿಗೂ ನಗು ಬಂತು. ನಕ್ಕರೆ ಭುಜ ನೋಯುತ್ತಿತ್ತು, ಆದರೂ ನಕ್ಕಳು.

"ಕೊಸರ್ ಗಿರಾಕಿಗೆ ಇರ್ಲಿ. ಕೈಗ್ ಹತ್ತೇ. ಎಳ್ದಾಂಗೆ ನೋಯ್ಕ್, ತಡ್ಕಂಬಷ್ಟ್. ಸ್ವಲ್ಪ ಹೊತ್ತಲ್ಲ್ ಅದ್ ಇಳಿಕ್. ರಾತ್ರಿಯಿಡೀ ಉಳದ್ರೆ ಅತಿ ಆಯ್ತ್ ಅಂದೇ ಲೆಕ್ಕ. ಮಾರ್ನೇ ದಿನ ಕಮ್ಮಿ ಮಾಡಿ. ಆದ್ರೆ ಕಟ್ಟಿ ಇಡ್ಬೇಡಿ."

"ಹತ್ತೂ ಆಗ್ದಿದ್ದ ದಿನ?"

"ಮೀನ್ ಕಮ್ಮಿ ಇಪ್ಪ ದಿನ ನೀವ್ ಎಂತ ಮಾಡ್ತ್ರಿ? ಬುಟ್ಟಿ ಮಗುಚಿ ಹಾಕಿ ಮನಿಯಲ್ಲ್ ಕೂಕಂತ್ರ್ಯಾ?"

"ಹೇಯ್, ಅದ್ ಹ್ಯಾಂಗ್ ಆತ್ತ್! ನಾಲ್ಕ್ ಬಂಗ್ಡೆ ಸಿಕ್ರೂ ಬೋಣಿ ಮಾಡಿಯೇ ಬಪ್ಪುದ್. ಒಂದ್ ದಿನ ತಪ್ಪಿರೆ ಮಾರ್ನೇ ದಿನ ಗಿರಾಕಿ ರತ್ನನ ಬುಟ್ಟಿ ಹತ್ರ ನಿಂತಿರ್ತ್."

"ಹಾಂಗೇ ಇದೂ. ಹತ್ತ್ ಆಗ್ದಿರೆ ಎರ್ಡ್ ಮಾಡಿ. ಬೋಣಿ ಆಯ್ಲಿ. ಬೋಣಿ ಇಲ್ದೆ ಒಂದ್ ದಿನವೂ ಮುಳುಗ್ಸ್‌ಬೇಡಿ."

ಅವತ್ತು ಸಂಜೆ ಪದ್ದಕ್ಕ ಎರಡೇ ಸಲ ಬೆರಳು ಹತ್ತಿಸಿದಳು. ಮರುದಿನ ಮೂರು. ವಾರ ಕಳೆಯುವಷ್ಟರಲ್ಲಿ ಹತ್ತು. ಹತ್ತಾದ ಕೂಡಲೆ ನಿಲ್ಲಿಸಿದಳು. ಹನ್ನೊಂದನೆಯದಕ್ಕೆ ಕೈ ತುರಿಸುತ್ತಿತ್ತು, ಆದರೂ ನಿಲ್ಲಿಸಿದಳು.

ಕಥೆಯಲ್ಲಾದರೆ ಇಷ್ಟಕ್ಕೆ ಶಾಪ ಕಳಚಬೇಕು. ಇಲ್ಲಿ ಹಾಗೆ ಆಗಲಿಲ್ಲ. ಫೆಬ್ರವರಿ ಇಡೀ ಮಸಿಯ ಗೆರೆ ಒಂದೇ ಜಾಗದಲ್ಲಿತ್ತು. ಗೆರೆಯ ಮೇಲೆ ಗೆರೆ ಬಿದ್ದು ಕಪ್ಪು ದಪ್ಪವಾಯಿತೇ ಹೊರತು ಮೇಲಕ್ಕೆ ಹೋಗಲಿಲ್ಲ. ರತ್ನ ಬೇಲಿಯಾಚೆಯಿಂದ ಕೂಗುತ್ತಿದ್ದಳು. "ಎಂತ ಪದ್ದು, ಗೋಡಿ ಮೇಲೆ ಹಲ್ಲಿ ಹಿಡಿತ್ಯಾ?"

"ಹೌದ್, ಸಿಕ್ರೆ ನಿಂಗೇ ಕೊಡ್ತೆ!" ಎಂದು ಪದ್ದಕ್ಕ ಉತ್ತರ ಕೊಡುತ್ತಿದ್ದಳು. ಕೊಟ್ಟು, ಗೋಡೆಗೆ ಹಣೆ ಒತ್ತಿ ಸುಮ್ಮನೆ ನಿಲ್ಲುತ್ತಿದ್ದಳು.

ತಿಮ್ಮ ಅದನ್ನು ನೋಡಿದ. ಒಂದು ದಿನ ನೋಡಿದ, ಎರಡು ದಿನ ನೋಡಿದ. ಮೂರನೆಯ ದಿನ ದೋಣಿಯಿಂದ ಬರುವಾಗ ಒಂದು ಹಳೆ ರಾಟೆಯನ್ನೂ ಎರಡು ಮಾರು ಉದ್ದದ ಬಲೆಯ ಹಗ್ಗವನ್ನೂ ತಂದ. ಏಣಿ ಇಟ್ಟು, ಜಗಲಿಯ ಜಂತಿಗೆ ರಾಟೆ ಕಟ್ಟಿ ಹಗ್ಗದ ಎರಡೂ ತುದಿ ಇಳಿಬಿಟ್ಟ.

"ಇದೆಂತ?" ಎಂದಳು ಪದ್ದಕ್ಕ.

"ಸುಗುಣನ ಹತ್ರ ಕೇಂಡೆ. ಆಸ್ಪತ್ರೆಯಲ್ಲೂ ಹೀಂಗಿದ್ದದ್ ಇತ್ತ್ ಅಂಬ್ರ್. ಎಡ್ಗೈಯಲ್ಲ್ ಎಳಿ, ಬಲ್ಗೈ ತನ್ನಷ್ಟಕ್ ಏಳ್ತ್. ಜೋರ್ ಮಾಡ್ಬೇಡ, ಬಲೆ ಎಳ್ದಾಂಗೆ ಎಳಿ. ಎಳಿ, ಹಿಡಿ, ಬಿಡಬೇಡ. ಮತ್ತ್ ಎಳಿ."

ಅವನೇ ಕೂತು ಎಣಿಸಿದ. ಹತ್ತಕ್ಕೆ "ಸಾಕ್" ಎಂದ.

ಮಾರ್ಚಿನಲ್ಲಿ ಹೊಸ ಗೆರೆ ಬಿತ್ತು, ಎರಡು ಬೆರಳು ಮೇಲೆ. ಪದ್ದಕ್ಕ ರತ್ನಳನ್ನು ಕೈಹಿಡಿದು ಎಳೆದು ತಂದು ತೋರಿಸಿದಳು. ರತ್ನ ಗೆರೆ ನೋಡಿದಳು, ಗೆಳತಿಯ ಮುಖ ನೋಡಿದಳು. ಆಮೇಲೆ ಹಲ್ಲಿಯ ಮಾತು ಎತ್ತಲಿಲ್ಲ.

ಏಪ್ರಿಲಿನಲ್ಲಿ ಸೀಮಂತ ಮುಗಿಸಿಕೊಂಡು ಪೂಜಿತಾ ತವರಿಗೆ ಬಂದಳು. ಜಗಲಿಯ ಹಗ್ಗ ಕಂಡಳು, ಗೋಡೆಯ ಗೆರೆಗಳನ್ನು ಕಂಡಳು. ಕೇಳಿದಳು, ಎಲ್ಲ ತಿಳಿಯಿತು.

"ಇಷ್ಟ್ ನೋವ್ ಇಟ್ಕಂಡ್ ನಂಗ್ ಒಂದ್ ಮಾತ್ ಹೇಳ್ಲಿಲ್ಲೆ ಅಲ್ದಾ? ಅಮ್ಮಾ, ಬ್ಯಾಡ. ಮೀಸುಕೆ ಜನ ಸಿಕ್ಕತ್ರ್ ಅಂದ್ ಅತ್ತೆಯೇ ಹೇಳಿರ್. ಅವ್ರನ್ನೇ ಕರ್ಸುವ."

ಪದ್ದಕ್ಕ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿದಳು. ಭುಜದ ಮೇಲೆ ಇಟ್ಟುಕೊಂಡಳು. ಹಗ್ಗ ಹಿಡಿದಳು.

"ಜನ ಕರ್ಸುಕೆ ಇನ್ನೂ ಎರ್ಡ್ ತಿಂಗ್ಳ್ ಇತ್ತ್" ಎಂದಳು. "ಅಲ್ಲಿವರಿಗ್ ನೀ ಎಣ್ಸ್. ಹತ್ತೇ, ಮೇಲೆ ಒಂದೂ ಬ್ಯಾಡ."

ಪೂಜಿತಾ ಮೂಗು ಒರೆಸಿಕೊಂಡು ಎಣಿಸಿದಳು. ಆಮೇಲೆ ದಿನಾ ಮೂರು ಹೊತ್ತು ಅವಳೇ ಎಣಿಸಿದಳು. ಅಪ್ಪ ಬಂದ ದಿನ ಅಪ್ಪನಿಗೂ ಮಗಳಿಗೂ ಯಾರು ಎಣಿಸುವುದೆಂದು ಜಗಳ.

ಜೂನಿನಲ್ಲಿ ಮಳೆ ಹಿಡಿಯಿತು. ದೋಣಿಗಳು ಕಡಲು ಬಿಟ್ಟು ದಡದ ಮೇಲೆ ಬಂದವು. ಒಂದು ಬೆಳಿಗ್ಗೆ ಪೂಜಿತಾ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹೆತ್ತಳು. ಮನೆಗೆ ಬಂದು ಎರಡು ದಿನವಾದ ಮೇಲೆ ಪದ್ದಕ್ಕ ಬಚ್ಚಲ ಒಲೆಗೆ ಬೆಂಕಿ ಹಾಕಿದಳು.

ಹಂಡೆಯ ನೀರು ಕಾಯಲು ಇನ್ನೂ ಸ್ವಲ್ಪ ಹೊತ್ತು ಬೇಕು. ಅಷ್ಟರೊಳಗೆ, ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೆ ಎರಡು ಮಾತು. ಭುಜವೋ ಮೊಣಕಾಲೋ ಸೊಂಟವೋ ತಿಂಗಳಾದರೂ ನೋಯುತ್ತಿದ್ದರೆ ವಯಸ್ಸಿನ ಮೇಲೆ ಹಾಕಿ ಕೂರಬೇಡಿ. ಆಸ್ಪತ್ರೆಗೆ ಹೋಗಿ, ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ವ್ಯಾಯಾಮ ಹೇಳಿದರೆ ಹೇಳಿದಷ್ಟೇ ಮಾಡಿ. ಮೊದಲ ವಾರ ನೋಯುತ್ತದೆ, ಬೇಸರ ಬರುತ್ತದೆ, ಬೇಲಿಯಾಚೆಯವರು ನಗುತ್ತಾರೆ. ಒಂದು ತಿಂಗಳು ಏನೂ ಆಗದ ಹಾಗೆಯೂ ಕಾಣುತ್ತದೆ. ಆ ತಿಂಗಳಲ್ಲಿ ಬಿಡಬೇಡಿ. ಕೈ ಜೋಮು ಹಿಡಿದರೆ, ಜ್ವರ ಬಂದರೆ, ಎದೆ ನೋವು ಕಂಡರೆ ಮಾತ್ರ ನಿಲ್ಲಿಸಿ, ತಡಮಾಡದೆ ಡಾಕ್ಟರ ಬಳಿ ಓಡಿ. ಮತ್ತೆ ಮನೆಯವರೇ, ನೀವು ನಗುವ ಬದಲು ಪಕ್ಕದಲ್ಲಿ ಕೂತು ಎಣಿಸಿ. ಅಷ್ಟು ಮಾಡಿದರೆ ಸಾಕು. ಇವತ್ತೇ ಶುರು ಮಾಡಿ, ಎರಡೇ ಸಲವಾದರೂ ಸರಿ.

ನೀರು ಕಾಯಿತು. ಸುಡುವ ನೀರು ಬೇಡ ಎಂದು ಸುಗುಣಾ ಹೇಳಿದ್ದಳು. ಪದ್ದಕ್ಕ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿದಳು. ಪೂಜಿತಾ ಮಣೆಯ ಮೇಲೆ ಬೆನ್ನು ತಿರುಗಿಸಿ ಕೂತಳು. ಬಾಗಿಲ ಹೊರಗೆ ತಿಮ್ಮ ಮಗುವನ್ನು ಎತ್ತಿಕೊಂಡು ನಿಂತಿದ್ದ.

ಪದ್ದಕ್ಕ ಚೆಂಬು ತುಂಬಿದಳು. ಬಲಗೈ ಎದೆಯ ಮಟ್ಟ ದಾಟಿತು. ಗಲ್ಲ ದಾಟಿತು. ಭುಜದಲ್ಲಿ ಚುರುಕ್ಕೆಂದಿತು, ಅವಳು ಒಂದು ಗಳಿಗೆ ಹಾಗೆಯೇ ಹಿಡಿದು ನಿಂತಳು. ಆಮೇಲೆ ಚೆಂಬು ತಲೆಯ ಮೇಲಕ್ಕೆ ಹೋಯಿತು. ನೀರು ಬೀಸಿ ಬಂದು ಮಗಳ ಬೆನ್ನಿಗೆ ಬಿತ್ತು.

"ಹಾ... ಅಮ್ಮಾ" ಎಂದಳು ಪೂಜಿತಾ.

ಇನ್ನೊಂದು ಚೆಂಬು. ಮತ್ತೊಂದು. ಬೆನ್ನಿಗೆ, ಸೊಂಟಕ್ಕೆ, ಮತ್ತೆ ಬೆನ್ನಿಗೆ. ಬಚ್ಚಲ ತುಂಬ ಹಬೆ. ದಣಿದಾಗ ಪದ್ದಕ್ಕ ಕೈ ಇಳಿಸಿ ನಿಂತಳು, ಸುಧಾರಿಸಿಕೊಂಡು ಮತ್ತೆ ಎತ್ತಿದಳು. ಕೊನೆಗೆ ಚೆಂಬು ಹಂಡೆಯ ತಳಕ್ಕೆ ತಾಗಿ ಸದ್ದಾಯಿತು. ಉಳಿದದ್ದನ್ನೂ ಬಳಿದು ಹೊಯ್ದಳು.

ಪೂಜಿತಾ ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಅಮ್ಮಾ, ಇನ್ನೂ ಸ್ವಲ್ಪ ಹೊಯ್."

"ಎಲ್ಲಿಂದ್ ಹೊಯ್ಯುದ್ ಹೆಣೆ? ಹಂಡೆ ಖಾಲಿ" ಎಂದಳು ಪದ್ದಕ್ಕ. "ಏಳ್, ಮಿಂದಾಯ್ತ್."