ನಾಲ್ಕನೇ ಎಸಳು

ಬುರುಡೆ ಮಾಮ ಒಂದು ಸಲ ತನ್ನ ಅಂಗಡಿಯ ಕಿಟಕಿಯಿಂದಲೇ ಚಂದ್ರನ ಮೇಲೆ ಹೂ ಬಿಡಿಸಿದ್ದ. ಹಸಿರು ಬೆಳಕಿನ ಹೂ, ಐದು ಎಸಳು, ಒಂದು ಎಲೆ. ಅಲ್ಲಿ ಯುಗಯುಗದಿಂದ ಕದಲದೆ ಕೂತಿದ್ದ ಮೊಲ ಎದ್ದು ಬಂದು ಹೂವನ್ನು ಮೂಸಿ ನೋಡಿತು. ತಿನ್ನುವಂಥದ್ದಲ್ಲ ಎಂದು ಗೊತ್ತಾದ ಮೇಲೆ ಬೇಜಾರು ಮಾಡಿಕೊಂಡು ವಾಪಸ್ ಹೋಗಿ ಕೂತಿತು, ಮೊದಲಿದ್ದ ಜಾಗಕ್ಕಿಂತ ಒಂದು ಗೇಣು ಎಡಕ್ಕೆ. ನಂಬಿಕೆ ಬಾರದವರು ಹುಣ್ಣಿಮೆ ದಿನ ಅಳತೆಪಟ್ಟಿ ಹಿಡಿದು ನೋಡಿಕೊಳ್ಳಬಹುದು.

ಹೀಗೆಂದು ಅವನು ಹೇಳಿದ್ದು ಅಕ್ಕನ ಮನೆಯ ಊಟದ ಮೇಜಿನಲ್ಲಿ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕನ ಮಗಳು ಕೈಲಿದ್ದ ಲೋಟ ಕೆಳಗಿಟ್ಟಳು.

"ಮೊಲಕ್ಕೆ ಏಟೇನೂ ಆಗ್ಲಿಲ್ವಾ ಮಾಮ? ಮುಲಾಮು ಕಳಿಸ್ಲಾ?"

"ನಗು, ನಗು. ಬರೋ ಭಾನುವಾರ ನಿಮ್ಮಮ್ಮಂಗೆ ಅರವತ್ತು ತುಂಬುತ್ತಲ್ಲ, ಅವತ್ತು ಇದೇ ಗೋಡೆ ಮೇಲೆ ತೋರಿಸ್ತೀನಿ. ಬಾಯಿಗೆ ನೊಣ ಹೋದ್ರೂ ಗೊತ್ತಾಗ್ಬಾರ್ದು, ಹಾಗೆ ನೋಡ್ತಾ ಕೂತಿರ್ತೀಯ."

ಅಕ್ಕ ನಗಲಿಲ್ಲ. ಅವಳಿಗೆ ಅದು ಕೇಳಿಸಿದ ಹಾಗೂ ಇರಲಿಲ್ಲ. ದೀಪದ ಕೆಳಗೆ ಕುರ್ಚಿ ಎಳೆದುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಶಾಲೆಯ ಸಮವಸ್ತ್ರದ ಜೇಬಿಗೆ ನೀಲಿ ದಾರದಲ್ಲಿ ಹೂ ಹಾಕುತ್ತಿದ್ದಳು. ಐದು ಎಸಳು, ಒಂದು ಎಲೆ. ಪಕ್ಕದ ಬುಟ್ಟಿಯಲ್ಲಿ ಹಾಕಬೇಕಾದ ಜೇಬುಗಳು ಇನ್ನೂ ರಾಶಿ ಇದ್ದವು. ನಡುವೆ ಒಮ್ಮೆ ಸೂಜಿ ಚುಚ್ಚಿ ಬೆರಳನ್ನು ಬಾಯಿಗಿಟ್ಟುಕೊಂಡಳು. ಮಾಮ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಇಳಿಸಿದವನೇ, "ಅಕ್ಕ, ಆ ಚಂದ್ರನ ಮೇಲೆ ಬರ್ದಿದ್ದು ಇನ್ನೂ ಅಳಿಸಿಲ್ವಂತೆ!" ಎಂದ.

ಅವನ ಕಥೆಯೇ ಹಾಗೆ. ಒಳಗೆ ಚುಚ್ಚಿದಷ್ಟೂ ಹೊರಗೆ ಬುರುಡೆ ದೊಡ್ಡದಾಗುತ್ತಿತ್ತು. ಎರಡು ತಿಂಗಳ ಹಿಂದೆ ಅವನ ಹೂ ಎದುರು ಮನೆಯ ನೀರಿನ ಟ್ಯಾಂಕಿನ ಮೇಲಷ್ಟೇ ಬಿದ್ದಿತ್ತು. ಹೋದ ತಿಂಗಳು ಮೋಡದ ಮೇಲೆ ಬಿತ್ತು. ಈಗ ಚಂದ್ರನನ್ನು ಮುಟ್ಟಿತ್ತು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಸೂರ್ಯನಿಗೂ ಉಳಿಗಾಲವಿರುತ್ತಿರಲಿಲ್ಲ.

ಇದೆಲ್ಲ ಶುರುವಾದದ್ದು ಬೀದಿ ಕೊನೆಯ ಫೋಟೋ ಸ್ಟುಡಿಯೋದವನಿಂದ. ಅವನು ಸಮಾರಂಭಗಳಿಗೆಂದು ಲೇಸರ್ ಚಿತ್ರ ಬಿಡಿಸುವ ಪೆಟ್ಟಿಗೆಯೊಂದನ್ನು ತಂದು, ಗೋಡೆಯ ಮೇಲೆ ಚಿಟ್ಟೆ ಹಾರಿಸಿ, ಇಡೀ ಬೀದಿಯನ್ನು ಕರೆದು ತೋರಿಸಿದ್ದ. ಎಲ್ಲರೂ ಆಹಾ ಎಂದರು. ಬುರುಡೆ ಮಾಮನಿಗೆ ತಡೆಯಲಾಗಲಿಲ್ಲ.

"ಇದೇನ್ ಮಹಾ! ಎರಡು ಕನ್ನಡಿ, ಎರಡು ಮೋಟರ್. ಒಂದು ಕನ್ನಡಿ ಬೆಳಕನ್ನ ಅಡ್ಡಡ್ಡ ಓಡಿಸುತ್ತೆ, ಇನ್ನೊಂದು ಮೇಲಕ್ಕೂ ಕೆಳಕ್ಕೂ. ಚುಕ್ಕೆ ಜೋರಾಗಿ ಓಡಿದ್ರೆ ಕಣ್ಣಿಗೆ ಗೆರೆ ಥರ ಕಾಣುತ್ತೆ, ಅಷ್ಟೇ ಕಣಯ್ಯ. ನನ್ನ ಅಂಗಡಿ ಕಸದಲ್ಲೇ ಇದೆ ಇದೆಲ್ಲ. ಹೊರಗಿಂದ ಒಂದು ಮೊಳೆ ತಂದ್ರೂ ಈ ಮೀಸೆ ಬೋಳಿಸ್ಕೊಂಡ್ಬಿಡ್ತೀನಿ!"

"ಮೀಸೆ ಜೋಪಾನ," ಎಂದ ಸ್ಟುಡಿಯೋದವನು.

ಮಾಮನದು ರಿಪೇರಿ ಅಂಗಡಿ. ಕೆಟ್ಟ ಪ್ರಿಂಟರುಗಳು ಅಲ್ಲಿ ಎಷ್ಟಿದ್ದವೆಂದರೆ, ಒಂದರ ಮೇಲೊಂದು ಪೇರಿಸಿದ್ದರೆ ಹತ್ತಿ ಹೋಗಿ ಮೋಡಕ್ಕೆ ತೇಪೆ ಹಾಕಿ ಬರಬಹುದಿತ್ತು. ಅವುಗಳ ಹೊಟ್ಟೆಯಲ್ಲಿ ಹೆಜ್ಜೆ ಎಣಿಸಿ ತಿರುಗುವ ಸ್ಟೆಪರ್ ಮೋಟರುಗಳಿದ್ದವು. ಒಂದು ಹೆಜ್ಜೆ ಎಂದರೆ ಒಂದೇ ಹೆಜ್ಜೆ ಇಡುವ ಶಿಸ್ತಿನ ಮೋಟರು. ಮಾಮ ಎರಡನ್ನು ಬಿಚ್ಚಿ, ಅವುಗಳ ಅಕ್ಷಕ್ಕೆ ಕ್ಷೌರದ ಕನ್ನಡಿಯ ಚೂರು ಅಂಟಿಸಿ, ಉಪನ್ಯಾಸಕರು ಕೈಲಿ ಹಿಡಿಯುವ ಹಸಿರು ಲೇಸರನ್ನು ಅದರ ಮೇಲೆ ಬಿಟ್ಟ. ಒಂದರ ಬದಲು ಎರಡು ಚುಕ್ಕೆ ಕಂಡವು: ಗಾಜಿನ ಮುಖದಿಂದ ಒಂದು, ಹಿಂದಿನ ಬೆಳ್ಳಿಯಿಂದ ಒಂದು. ಹಳೆ ಸ್ಕ್ಯಾನರಿನೊಳಗಿನ ಮುಂಬದಿಗೇ ಬೆಳ್ಳಿ ಇರುವ ಕನ್ನಡಿ ಕಿತ್ತು ತಂದು ಹಾಕಿದ. ಚುಕ್ಕೆ ಒಂದಾಯಿತು. ಆದರೆ ಆ ಮೋಟರಿಗೆ ಒಂದು ಸುತ್ತಿಗೆ ನಲವತ್ತೆಂಟೇ ಹೆಜ್ಜೆ. ವೃತ್ತ ಬರಿ ಎಂದರೆ ಗೋಡೆಯ ಮೇಲೆ ಗಡಗಡ ನಡುಗುವ ನಟ್ಟು ಬರೆಯುತ್ತಿತ್ತು. ಸ್ಟುಡಿಯೋದವನು ಬಾಗಿಲಲ್ಲಿ ಇಣುಕಿ, "ಸ್ಪ್ಯಾನರ್ ತರ್ಲಾ ಮಾಮ?" ಎಂದು ಕೇಳಿ ಹೋದ.

ಅದೇ ವಾರ ಅಕ್ಕ ತನ್ನ ಕಸೂತಿ ಮಷೀನನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ, ಮಗುವಿನ ಹಾಗೆ ಎದೆಗವಚಿಕೊಂಡು ಅಂಗಡಿಗೆ ಬಂದಳು.

"ಮೋಟರ್ ಸದ್ದು ಮಾಡುತ್ತೆ ಕಣೋ, ಬಟ್ಟೆಯ ಚೌಕಟ್ಟು ಮಾತ್ರ ಕದಲ್ತಿಲ್ಲ. ಬೇಗ ನೋಡ್ಕೊಡು, ಶಾಲೆಯವರು ಕಾಯ್ತಿದ್ದಾರೆ."

"ನನ್ನ ಕೈ ತಾಗಿದ್ರೆ ಅದು ಬಟ್ಟೆ ಇಲ್ಲದೆ ಗಾಳಿಗೇ ಕಸೂತಿ ಹಾಕ್ಬೇಕು, ಹೋಗು!"

ಅವಳು ಅತ್ತ ಹೋದ ಮೇಲೆ ಬಿಚ್ಚಿ ನೋಡಿದ. ಒಳಗಿನ ಬೆಲ್ಟು ಜಾರಿತ್ತು. ಎತ್ತಿ ಹಲ್ಲುಗಾಲಿಗೆ ಕೂರಿಸಿದ, ಚೌಕಟ್ಟು ಬೆಣ್ಣೆಯ ಹಾಗೆ ಓಡಿತು. ಐದು ನಿಮಿಷದ ಕೆಲಸ. ಮುಚ್ಚಳ ಹಾಕಿ ನಾಲ್ಕು ತಿರುಪು ಬಿಗಿಯಬೇಕು, ಅಷ್ಟರಲ್ಲಿ ಮೋಟರುಗಳು ಕಣ್ಣಿಗೆ ಬಿದ್ದವು. ಚೌಕಟ್ಟನ್ನು ಅಡ್ಡ ಓಡಿಸಲು ಒಂದು, ಉದ್ದಕ್ಕೆ ಓಡಿಸಲು ಒಂದು. ಸುತ್ತಿಗೆ ನಾನೂರು ಹೆಜ್ಜೆ, ಕೂದಲೆಳೆಯಷ್ಟು ಸಣ್ಣ ಹೆಜ್ಜೆ.

ಎರಡೇ ದಿನ, ಎಂದುಕೊಂಡ. ನೋಡಿ, ವಾಪಸ್ ಹಾಕಿಬಿಡುವುದು. ಹೊರಗಿನಿಂದ ತಂದದ್ದಂತೂ ಅಲ್ಲ, ಅಂಗಡಿಯೊಳಗೇ ಇತ್ತಲ್ಲ. ಮೀಸೆಗೂ ಮೋಸವಿಲ್ಲ.

ಒಂದು ಮೋಟರಿನ ಅಕ್ಷಕ್ಕೆ ನೀಲಿ ದಾರ ಸುತ್ತಿಕೊಂಡಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಬಂತು, ಬಂತು, ಬರುತ್ತಲೇ ಇತ್ತು. ಎರಡು ಊರಿಗೆ ಬೇಲಿ ಕಟ್ಟುವಷ್ಟು ದಾರ. ಎಸೆಯಲು ಕೈ ಬರದೆ ಅದನ್ನು ಉಂಡೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ.

ಎರಡು ದಿನ ಕಳೆದು ಅಕ್ಕ ಬಂದಳು. ಅಷ್ಟರಲ್ಲಿ ಕನ್ನಡಿಗಳು ಅಕ್ಷಕ್ಕೆ ಅಂಟಿ ಕಲ್ಲಾಗಿದ್ದವು. ಗೋಡೆಯ ಮೇಲೆ ವೃತ್ತ ಬಳೆಯಷ್ಟು ದುಂಡಗೆ ನಿಂತಿತ್ತು. ಅವನು ಹಿಂದಿನ ಕೋಣೆಯ ಬಾಗಿಲು ಮುಚ್ಚಿ ಬಂದು, ಮುಖ ಸಪ್ಪೆ ಮಾಡಿಕೊಂಡ.

"ಎರಡೂ ಮೋಟರ್ ಸುಟ್ಟು ಬೂದಿ ಆಗಿವೆ ಅಕ್ಕ. ಅದನ್ನ ಮಾಡ್ತಿದ್ದ ಕಾರ್ಖಾನೆನೇ ಮುಚ್ಚಿ ಹೋಗಿದೆ. ಏಳು ಸಮುದ್ರ ದಾಟಿ ಹೋದ್ರೂ ಬಿಡಿಭಾಗ ಸಿಗಲ್ಲ."

ಅಕ್ಕ ಖಾಲಿ ಮಷೀನಿನ ಮೇಲೆ ಒಮ್ಮೆ ಕೈ ಆಡಿಸಿದಳು. "ನೀನೇ ಆಗಲ್ಲ ಅಂದ ಮೇಲೆ ಇನ್ಯಾರಿಗೆ ತೋರಿಸ್ಲಿ," ಎಂದಳು. ಬೈದಿದ್ದರೆ, ಅನುಮಾನ ಪಟ್ಟಿದ್ದರೆ, ಅವನು ಅಲ್ಲೇ ಬಾಯಿ ಬಿಡುತ್ತಿದ್ದನೇನೋ. ಹನ್ನೊಂದು ವರ್ಷ ಮಷೀನಿನಲ್ಲಿ ಹಾಕಿದ ಹೂವನ್ನು ಮಾರನೆಯ ದಿನದಿಂದ ಕೈಯಲ್ಲಿ ಹಾಕಲು ಕೂತಳು.

ಅದಕ್ಕೇ ಅವನು ಆ ಹೂವನ್ನೇ ಆರಿಸಿಕೊಂಡದ್ದು. ಅಕ್ಕನೇ ಚೌಕಳಿ ಕಾಗದದ ಮೇಲೆ ಚುಕ್ಕೆ ಇಟ್ಟು ಬರೆದ ಹೂ, ಮಷೀನಿನ ಮೆಮೊರಿ ಕಾರ್ಡಿನಲ್ಲಿ ಹಾಗೇ ಕೂತಿತ್ತು. ಅದನ್ನು ತನ್ನ ಪೆಟ್ಟಿಗೆಗೆ ಉಣಿಸಿದ. ಗೋಡೆಯ ತುಂಬ ಅವಳ ಹೂ ಅರಳಿದರೆ ಅವಳ ಮುಖವೂ ಅರಳುತ್ತದೆ, ಅರಳಿದ ಹೊತ್ತಿಗೆ ನಿಜ ಹೇಳಿಬಿಡುವುದು. ಇದು ಅವನ ಲೆಕ್ಕಾಚಾರ. ಒಂದೇ ಕಿರಿಕಿರಿ ಉಳಿದಿತ್ತು. ನಾಲ್ಕನೇ ಎಸಳಿನ ತಿರುವಿನಲ್ಲಿ ಬೆಳಕು ಕಿರ್ರ್ ಟಕ್ ಎಂದು ಒಮ್ಮೆ ಹಿಂದಕ್ಕೆ ಎಗರಿ ಮುಂದೆ ಹೋಗುತ್ತಿತ್ತು. ರಬ್ಬರ್ ಬಳೆ ತೊಡಿಸಿದ, ಎಣ್ಣೆ ಬಿಟ್ಟ, ವೇಗ ಬದಲಿಸಿದ, ಮೂರು ಸಾವಿರ ಸಲ ಬೈದ. ಹೋಗಲಿಲ್ಲ.

ಭಾನುವಾರ ಮಧ್ಯಾಹ್ನ ಅಕ್ಕನ ಮನೆಯ ನಡುಕೋಣೆಯ ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿ ಕತ್ತಲು ಮಾಡಿದರು. ಬೆಳಕು ಯಾರ ಕಣ್ಣಿಗೂ ತಾಗಬಾರದೆಂದು ಮಾಮ ಪೆಟ್ಟಿಗೆಯನ್ನು ಬೀರುವಿನ ಮೇಲೆ ಏರಿಸಿಟ್ಟಿದ್ದ. ಅಕ್ಕಪಕ್ಕದವರು ಸೇರಿದ್ದರು. ಸ್ಟುಡಿಯೋದವನು ಮುಂದಿನ ಸಾಲಿನಲ್ಲೇ ಕೂತು ಮೀಸೆಯ ಕಡೆ ನೋಡುತ್ತಿದ್ದ. ಅಕ್ಕನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ ಮಗಳು ಅವಳ ಕೈಯಿಂದ ಸೂಜಿ ಕಸಿದುಕೊಂಡಳು.

"ಇವತ್ತೊಂದಿನ ಬಿಡಮ್ಮ."

"ಮಹಾಜನಗಳೇ," ಎಂದ ಮಾಮ, "ಇಂಥದ್ದು ಭೂಮಿ ಮೇಲೆ ಇದೇ ಮೊದಲು. ಮೊದಲು ನಿಧಾನಕ್ಕೆ ಬರೆಯುತ್ತೆ, ಆಮೇಲೆ ಓಡುತ್ತೆ. ಎದೆ ಗಟ್ಟಿ ಇಲ್ಲದವರು ಹೊರಗೆ ಹೋಗ್ಬಹುದು."

ಗುಂಡಿ ಒತ್ತಿದ. ಹಸಿರು ಚುಕ್ಕೆಯೊಂದು ಗೋಡೆಯ ಮೇಲೆ ಮೆಲ್ಲಗೆ ಹೊರಟಿತು. ಮೋಟರುಗಳು ಹಾಡತೊಡಗಿದವು. ಸ್ಟೆಪರ್ ಮೋಟರಿನ ಗುಣವೇ ಅದು, ಹೆಜ್ಜೆಯ ವೇಗ ಏರಿದಂತೆ ದನಿ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಜೂಂ... ಜುಂಯ್... ಜೂಂ... ಒಂದರದು ಸಣ್ಣ ದನಿ, ಇನ್ನೊಂದರದು ನೆಗಡಿಯಾದಂಥ ಒಡಕು ಗಂಟಲು. ತಿಂಗಳುಗಟ್ಟಲೆ ಅದನ್ನು ಕೇಳಿದ್ದರೂ ಮಾಮನ ಕಿವಿ ಅದನ್ನು ಹಾಡೆಂದು ಎಣಿಸಿರಲಿಲ್ಲ. ಅವನ ಕಣ್ಣೆಲ್ಲ ಗೋಡೆಯ ಮೇಲಿತ್ತು. ಮೊದಲ ಎಸಳು. ಎರಡನೆಯದು. ಜನ ಉಸಿರು ಬಿಗಿಹಿಡಿದಿದ್ದರು.

ಅವನು ಅಕ್ಕನ ಕಡೆ ತಿರುಗಿದ. ಹಸಿರು ಮಬ್ಬಿನಲ್ಲಿ ಅವಳ ಮುಖ ಕಂಡಿತು. ಅವಳು ಗೋಡೆ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿದ್ದಳು. ಮೂರನೆಯ ಎಸಳು ಮುಗಿಯಿತು. ನಾಲ್ಕನೆಯದರ ತಿರುವು ಇನ್ನೂ ಬಂದಿರಲಿಲ್ಲ, ಅಷ್ಟರಲ್ಲೇ ಅವಳ ಬಲಗೈ ಮಡಿಲಿನಿಂದ ಎದ್ದು, ತೋರುಬೆರಳು ಗಾಳಿಯಲ್ಲಿ ಯಾವುದನ್ನೋ ಎಡಕ್ಕೆ ಇಷ್ಟೇ ಇಷ್ಟು ತಳ್ಳಿತು.

ಕಿರ್ರ್ ಟಕ್, ಎಂದಿತು ಮೋಟರು.

ಜನ ಚಪ್ಪಾಳೆ ತಟ್ಟಿದರು. ಚುಕ್ಕೆ ಓಡತೊಡಗಿ ಹೂ ಇಡಿಯಾಗಿ ಗೋಡೆಯ ಮೇಲೆ ನಿಂತಿತು. "ಮೀಸೆ ಉಳೀತು ಬಿಡು!" ಎಂದು ಸ್ಟುಡಿಯೋದವನೂ ಒಪ್ಪಿಕೊಂಡ. ಹೇಳಬೇಕೆಂದಿದ್ದ ಹೊತ್ತು ಇದೇ. ಮಾಮನ ಬಾಯಿಂದ ಬಂದದ್ದು ಮಾತ್ರ ಬೇರೆ.

"ಚಂದ್ರನ ಮೇಲೆ ಇನ್ನೂ ಚೆನ್ನಾಗಿ ಬಿದ್ದಿತ್ತು!"

"ನಿಲ್ಸು ಅದನ್ನ," ಎಂದಳು ಅಕ್ಕ.

ಚಪ್ಪಾಳೆ ನಿಂತಿತು. ಮಗಳು ಹೋಗಿ ಒಂದು ಕಿಟಕಿಯ ಕಂಬಳಿ ಸರಿಸಿದಳು. ಹಗಲ ಬೆಳಕು ನುಗ್ಗಿ ಹೂ ಮಾಸಿತು.

"ನಾಲ್ಕನೇ ಎಸಳಲ್ಲಿ ನಾನು ಒಂದು ಚುಕ್ಕೆ ತಪ್ಪಾಗಿ ಇಟ್ಟಿದ್ದೆ, ಒಂದು ಮನೆ ಆಚೆ," ಎಂದಳು ಅಕ್ಕ. ದನಿ ಏರಿಸಲಿಲ್ಲ. "ತಿದ್ದೋಕೆ ಬರ್ಲಿಲ್ಲ. ಹನ್ನೊಂದು ವರ್ಷ ಅಲ್ಲಿಗೆ ಬಂದಾಗ ಬೆರಳಲ್ಲಿ ಚೌಕಟ್ಟು ತಳ್ತಿದ್ದೆ."

"ಅದೇ ಅಕ್ಕ, ನಿನ್ನ ಕಾರ್ಡಿಂದಾನೇ ತಗೊಂಡೆ, ನಿಂಗೆ ಖುಷಿ ಆಗ್ಲಿ ಅಂತ..."

"ಹಾಡು ಕಾರ್ಡಿಂದ ತಗೊಂಡೆ. ಸರಿ. ಆ ಒಡಕು ಗಂಟಲು ಯಾರ್ದು?"

ಮಾಮ ಬಾಯಿ ತೆರೆದ. ಕಾರ್ಖಾನೆಯೊಂದು ಮತ್ತೆ ತೆರೆದದ್ದು, ಹಡಗಿನಲ್ಲಿ ಬಂದ ಪೊಟ್ಟಣ, ಏಳನೇ ಸಮುದ್ರದಲ್ಲಿ ಅದು ಮುಳುಗಿ ತೇಲಿದ್ದು, ಎಲ್ಲ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಅಕ್ಕ ಕೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡಿದ್ದಳು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತುಗಳು. ಅವನ್ನು ಎಷ್ಟು ಪಟ್ಟು ಹೆಚ್ಚಿಸಿ ಹೇಳಬೇಕೆಂದು ಅವನಿಗೆ ತೋಚಲಿಲ್ಲ. ಇದ್ದಷ್ಟೇ ಸಾಕಾಗಿತ್ತು.

ಜೇಬಿಗೆ ಕೈ ಹಾಕಿ, ಅಂಗಿ ಬದಲಾದರೂ ಬಿಡದೆ ಇಟ್ಟುಕೊಂಡಿದ್ದ ನೀಲಿ ದಾರದ ಉಂಡೆಯನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ಹೊರಗಿನ ಬೆಳಕಿನಲ್ಲಿ ಅದು ಕಡಲೆಕಾಳಿಗಿಂತ ದೊಡ್ಡದಿರಲಿಲ್ಲ.

"ನಿನ್ನ ಮೋಟರೇ ಅಕ್ಕ. ಸುಟ್ಟಿರ್ಲಿಲ್ಲ. ಬೆಲ್ಟು ಜಾರಿತ್ತು, ಅಷ್ಟೇ. ಕೂರಿಸೂ ಆಗಿತ್ತು. ಆಮೇಲೆ ನಾನೇ ಬಿಚ್ಚಿಕೊಂಡೆ."

"ಎಷ್ಟು ದಿನ ಆಯ್ತು?"

"ನಾಲ್ಕು ತಿಂಗಳು."

"ನಾನು ಕೈಯಲ್ಲಿ ಹಾಕೋದನ್ನ ನೀನು ದಿನಾ ನೋಡ್ತಿದ್ದೆ."

"ನೋಡ್ತಿದ್ದೆ."

ಅಕ್ಕ ದಾರದ ಎಳೆಯನ್ನು ಉಗುರಿನಿಂದ ಬಿಡಿಸುತ್ತಾ ಕೂತಳು. ಮಾಮ ಬೀರುವಿನ ಮುಂದೆ ಸ್ಟೂಲ್ ಎಳೆದು ಹತ್ತಿ, ಪೆಟ್ಟಿಗೆ ಕೆಳಗಿಳಿಸಿ, ತಿರುಪುಳಿ ತೆಗೆದ. ಮೊದಲ ತಿರುಪು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

"ಮಾಮ," ಎಂದಳು ಮಗಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಆ ಚಂದ್ರ?"

"ಎದುರುಮನೆ ಟ್ಯಾಂಕಿನ ತನಕಾನೂ ಹೋಗ್ಲಿಲ್ಲಮ್ಮ," ಎಂದ ಅವನು, ತಲೆ ಎತ್ತದೆ. "ನನ್ನ ಅಂಗಡಿ ಗೋಡೆ ದಾಟೇ ಇಲ್ಲ."